ಶೇಕಡಾ ಮೂವತ್ತೈದು

ಕುತೈಸಿಯಲ್ಲಿ ಚಳಿಗಾಲ. ನಾಲ್ಕನೇ ಸಲ ಅಪ್‌ಡೇಟ್ ಕೈಕೊಟ್ಟಿತು.
ಮೂವತ್ತೈದರವರೆಗೆ ಏರಿ, ಜಾರಿ,
'ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ' ಅನ್ನುತ್ತದೆ ಪರದೆ,
ಮಾತು ಕೊಟ್ಟು ತಪ್ಪಿದ ನೆಂಟನ ಹಾಗೆ.

ನುಗ್ಜಾರ್ ಪ್ರಿಂಟರ್ ಬಿಚ್ಚಿಟ್ಟ, ಡಿಸ್ಕ್ ಗುಡಿಸಿದ,
ದೊಡ್ಡಮ್ಮ ತ್ಸಿಯಾಲಾ ಕೊಟ್ಟ ಅಕ್ರೋಟಿನ ಮುರಬ್ಬ ತಿಂದ,
ತಪ್ಪಿನ ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡ.

ರಾತ್ರಿ ಹತ್ತು. ದೊಡ್ಡಮ್ಮ ಎದ್ದಳು,
ಸದ್ದಿಲ್ಲದೆ ಪ್ಲಗ್ ಕಿತ್ತು
ಪರದೆಗೆ ಕ್ರೋಶಾ ಬಟ್ಟೆ ಹೊದಿಸಿದಳು.
"ದಿನಾ ಹೀಗೇನಾ?"
"ಕರೆಂಟೇ ಇಲ್ಲದ ವರ್ಷಗಳನ್ನು ನೀನು ಕಂಡಿಲ್ಲ, ಮಗೂ."

ಅಂದೊಂದು ರಾತ್ರಿ ಅವನ ಮಾತಿಗೊಪ್ಪಿ
ಕುರ್ಚಿ ಎಳೆದು ಕೂತಳು, ಕಾಲುಚೀಲ ಹೆಣೆಯುತ್ತ.
ಅಲ್ಲಿ ಚುಕ್ಕಿಗಳ ಗಿರಕಿ, ಇಲ್ಲಿ ಕಡ್ಡಿಗಳ ಟಿಕಟಿಕ.

ನಸುಕಿಗೆ ನೂರು. ಪರದೆ ಸ್ವಾಗತ ಕೋರಿತು.
"ಪಾಪ, ರಾತ್ರಿಯಿಡೀ ದುಡಿದಿದೆ" ಎಂದು
ಬಗ್ಗಿ, ಪ್ಲಗ್ ಕಿತ್ತಳು.