ಕಚ್ಚು

ನವನಗರದ ನಮ್ಮ ಲ್ಯಾಬಿಗೆ
ಬಾಯಿ ತೆಗೆದು ಕುಂಡ್ರೂ ಮಂದಿ ಬರೂದಿಲ್ಲ.
ಬಾಯಷ್ಟೇ ಬರತಾವು,
ಸ್ವೀಟಿನ ಡಬ್ಬಿಯೊಳಗ ಹತ್ತಿ ಹೊದ್ದುಕೊಂಡು,
ಕಂಡಕ್ಟರನ ಸೀಟಿನ ಕೆಳಗ ಕುಂತು.

ಇವತ್ತಿಂದು ಗುಳೇದಗುಡ್ಡದ್ದು.
ಚೀಟಿ ಮ್ಯಾಲ: ಪಾರವ್ವ ರಂಜಣಗಿ, ಐವತ್ತೆಂಟು.
ಮ್ಯಾಲಿನ ಮುಂದಿನ ಹಲ್ಲು, ಬಲಕಿಂದು, ಮುರದೈತಿ. ಕ್ಯಾಪ್ ಬೇಕು.
ಅಂಚು ಸೀದಾ ಇರಲಿ. ಶನಿವಾರ, ಅರ್ಜಂಟ್.
ಎರಡು ಅಚ್ಚು, ಒಂದು ಗುಲಾಬಿ ಮೇಣದ ತುಂಡು,
ಮೇಣದಾಗ ಆಕಿ ಒಮ್ಮೆ ಕಚ್ಚಿ ಬಿಟ್ಟ ತಗ್ಗು.

ಮೊದಲ ಹಂಗೇ ಕೂಡಿಸಿ ನೋಡಬೇಕು.
ಕೂಡಿಸಿದ್ನಿ. ಹಲ್ಲು ಹಲ್ಲಿಗೆ ಒಲ್ಲೆ ಅಂತು,
ಮುಂದ ಬಸ್ ಟಿಕೀಟು ಹಾಯೂವಷ್ಟು ಸಂದಿ.
ಕನ್ನಡಕ ಏರಿಸಿ ತಿರುವಿ ನೋಡಿದ್ರ
ಹಿಂದಿನ ದವಡಿ ಹಲ್ಲಿನ ಕುಣಿಯೊಳಗ
ಗಾಳಿಗುಳ್ಳಿಗೆ ಹುಟ್ಟಿದ ಒಂದು ಗುಂಡು, ಸಾಸಿವಿಯಷ್ಟು.
ಇಮಾಮಸಾಬ ಮಾಸ್ತರ ಅಂತಿದ್ರು:
"ಸಾಸಿವಿಯಷ್ಟು ಸುಳ್ಳು ಹಿಂದ ಕುಂತರ
ಮುಂದಿನ ಬಾಗಲಾ ಮುಚ್ಚೂದಿಲ್ಲೋ ತಮ್ಮಾ."
ಬ್ಲೇಡಿನ ತುದಿಲೆ ಎಬ್ಬಿಸಿದ್ನಿ.
ಬಾಯಿ ಮುಚ್ಚಿತು.

ಬೆಂಕಿಕಡ್ಡಿ ನಾಕು, ಅಂಟುಮೇಣ,
ಮ್ಯಾಲಿಂದಕ್ಕ ಕೆಳಗಿಂದು ಕಟ್ಟಿ,
ಬೆನ್ನಿಗೆ ಗೀರು ಹಾಕಿ ನೀರಾಗ ನೆನಸಿ,
ಹಿತ್ತಾಳಿ ಕೀಲಿನ ನಡುವ ಇಟ್ಟೆ.
ಕಿವಿಯಿಂದ ಹಲ್ಲಿಗೆ ಎಷ್ಟು ದೂರ
ಡಾಕ್ಟರು ಅಳತಿ ಕಳಿಸಿಲ್ಲ;
ಅಂದಾಜಿನ ಮನಷ್ಯಾರ ದವಡಿಯೊಳಗ
ಪಾರವ್ವನ್ನ ಕೂಡಿಸಬೇಕು, ಏನ್ಮಾಡೂದು.

ಮೇ ತಿಂಗಳ ಬಿಸಲಿಗೆ ಪ್ಲಾಸ್ಟರು ತಾಳೂದಿಲ್ಲ.
ರಬ್ಬರ್ ಬಟ್ಟಲದಾಗ ಎಣಿಸಿ ಇಪ್ಪತ್ತು ಸುತ್ತು,
ಗುಳ್ಳಿ ಏಳದಂಗ,
ಮಜ್ಜಿಗಿ ದಾಟಿ ಮೊಸರಾಗೂ ಮುಂಚೆ ಸುರದು
ಮ್ಯಾಲಿನ ತೋಳು ಇಳಿಸಿದ್ನಿ. ಮುಂದಿನ ಕಡ್ಡಿ ತಳಾ ಮುಟ್ಟಿತು.
ಬಿಗಿಯೂ ಹೊತ್ತಿನಾಗ ಅದು ಬಿಸಿ ಆಗತೈತಿ.
ಪ್ರತಿ ಸಲಾನೂ ಅಂಗೈ ಇಟ್ಟು ನೋಡತೀನಿ,
ಕೂಸಿನ ಹಣಿ ಮುಟ್ಟಿ ನೋಡಿದಂಗ.

ಆರಿದ ಮ್ಯಾಲ ಕೀಲು ಸಡ್ಲ ಮಾಡಿ
ಕೆಳಗಿನ ದವಡಿ ಮುಂದ ಜಾರಿಸಿದ್ನಿ,
ತುದಿಗೆ ತುದಿ ಬರೂ ಹಂಗ.
ಕಿಡಕಿ ಕಡೆ ಹಿಡದ್ರ
ನಡುವ ಒಂದು ಕಿಂಡಿ. ಬೆಳಕು ಹಾಯತೈತಿ.
ಕೆಳಗಿನ ಎರಡರ ಅಂಚಿನಾಗ ಅರ್ಧಚಂದ್ರ ತಗ್ಗು,
ಮ್ಯಾಲ ಉಳದ ಒಂದರ ಮೂಲಿ ಸವದು ಸಣ್ಣಾಗೇತಿ,
ಉಳದ ಪಾಲು ಮುರದದ್ದರ ಜೋಡಿ ಹೋಗೇತಿ.

ನೂಲು!
ಖಣದ ಮಗ್ಗದ ಮುಂದ ಕುಂತು
ಹರಿದ ಎಳಿ ಗಂಟು ಹಾಕಿ, ಟಕ್ ಅಂತ ಕಡದು,
ಹಾಕಿ, ಕಡದು,
ನಲವತ್ತು ವರ್ಷ.
ಉಕ್ಕು ಸವಿಯೂದು ಗೊತ್ತಿತ್ತು,
ನೂಲಿಗೂ ಹಲ್ಲು ಐತಿ ಅಂತ ಗೊತ್ತಿರಲಿಲ್ಲ.

ಸೀದಾ ಅಂಚು ಮಾಡಿದ್ರ ಆ ಕಿಂಡಿ ಮುಚ್ಚತೈತಿ.
ಮೇಣ ಕೊರಿಯೂ ಕೈ ನಿಂತು ಬಿಟ್ಟಿತು.
ಡಾಕ್ಟರಿಗೆ ಫೋನ್ ಹಚ್ಚಿ, ನಾ ಏನೋ ದೊಡ್ಡದು ಕಂಡಂಗ,
ಆ ತಗ್ಗು ಇಡೂಣೇನ್ರೀ, ಅದು ಆಕಿ ಕಸಬಿನ ಗುರುತು, ಅಂದೆ.
ಅವರು ನಕ್ಕು, ಇಲ್ಲೇ ಕುಂತಾಳ, ನೀನೇ ಕೇಳು ಅಂದ್ರು.

ಫೋನಿನಾಗ ಮುರದ ಹಲ್ಲಿನ ಗಾಳಿ ಮೊದಲ ಬಂತು,
ಆಮ್ಯಾಲ ಮಾತು:
"ಮುಚ್ಚಿ ಬಿಡಪ್ಪಾ.
ಮಂದಿ ಮುಂದ ಸೆರಗ ಅಡ್ಡ ಹಿಡದ ನಕ್ಕು ಸಾಕಾಗೇತಿ.
ಪಕ್ಕದ್ದಕ್ಕ ಇವರು ಸಿಮೆಂಟ್ ತುಂಬತಾರಂತ.
ಕತ್ತರಿ ತಗೊಂಡೇನಿ, ಎಂಬತ್ತು ರೂಪಾಯಿದು.
ಗುರುತು ನೀ ಇಟಗೋ ಬೇಕಾದ್ರ."

ಸೀದಾ ಮಾಡಿದ್ನಿ.
ಮಾಡೂವಾಗ ನನ್ನ ನಾಲಗಿ ನನ್ನ ಹಲ್ಲ ಮ್ಯಾಲ ಆಡಾಕತ್ತಿತ್ತು,
ಅಲ್ಲೇನೂ ಇರಲಿಲ್ಲ.
ಕಡೀಕ ನೀಲಿ ಕಾಗದ ಇಟ್ಟು ಕೀಲು ಮುಚ್ಚಿದ್ನಿ.
ಟಕ್.
ಎಲ್ಲಿ ಬೀಳಬೇಕೋ ಅಲ್ಲೇ ಚುಕ್ಕಿ ಬಿತ್ತು.

ಐದರ ಬಸ್ಸಿಗೆ ಕ್ಯಾಪ್ ಹೋತು.
ಅಚ್ಚು ಮಾತ್ರ ಹಲಗಿ ಮ್ಯಾಲ ಐತಿ, ನಂಬರ ಹಚ್ಚಿ.
ಕೆಳಗಿನ ಎರಡು ಹಲ್ಲಿನ ತಗ್ಗು ಹಂಗೇ ಐತಿ.
ಚೀಟಿಯೊಳಗ ಅದರ ಮಾತು ಇಲ್ಲ.