ನಡುವಿನ ಗಾಳಿ

ಅದಕ್ಕೆ ಹೆಸರಿಲ್ಲ. ಒಂದು ಅಕ್ಷರ, ಎಂಟು ಅಂಕಿ,
ನಮ್ಮ ಕೇರಿಯ ಮೀಟರ್ ಪೆಟ್ಟಿಗೆಗಳ ಹಾಗೆ.
ಅದರ ರೇಡಿಯೋ ಅಲೆ ಹೊರಟಾಗ ಭೂಮಿಯೇ ಇರಲಿಲ್ಲ,
ದಾವಣಗೆರೆಯ ಮಾತು ದೂರ ಉಳೀತು.

ಸಂಜೆ ಏಳಕ್ಕೆ ಇದ್ದ ಪ್ರಕಾಶ
ಹನ್ನೊಂದಕ್ಕೆ ಕಾಲುಭಾಗ ಇಳಿದಿದೆ.
ಎರಡಕ್ಕೆ ಮತ್ತೆ ಏರಿದೆ.
ನಾನು ಮೊದಲು ಬೈದದ್ದು ಉಪಕರಣವನ್ನು.
ಆದರೆ ಅದೇ ರಾತ್ರಿ, ಅದೇ ಡಿಶ್ಶಿನಲ್ಲಿ
ಪಕ್ಕದ ಇನ್ನೊಂದು, ಅಗಲ ಮೈಯದು,
ತಕ್ಕಡಿಯ ಕಲ್ಲಿನ ಹಾಗೆ ಕದಲದೆ ಕೂತಿದೆ.

ಬೀದಿಯ ಈ ತುದಿಯಲ್ಲಿ ಸಾವಾದರೆ
ಆ ತುದಿಯ ಒಲೆ ಆರುವುದಕ್ಕೆ
ಸುದ್ದಿ ನಡೆದು ಹೋಗಬೇಕು.
ಬೆಳಕಿಗಿಂತ ಬೇಗ ನಡೆಯುವ ಸುದ್ದಿ ಇಲ್ಲ.
ನಾಲ್ಕು ಗಂಟೆಯಲ್ಲಿ ಇಡೀ ಬೀದಿ ಕಪ್ಪಾಯಿತೆಂದರೆ
ಬೀದಿ ಅಷ್ಟೇ ಉದ್ದ ಇರಬೇಕು.
ಅಷ್ಟು ಉರಿ, ಅಷ್ಟು ಸಣ್ಣ ಒಲೆಯಲ್ಲಿ?
ಲೆಕ್ಕ ಒಪ್ಪುವುದಿಲ್ಲ.

ಮೂರಕ್ಕೆ ಹಿತ್ತಲಾಚೆ ಮಂಡಕ್ಕಿ ಭಟ್ಟಿ ಹಚ್ಚಿದರು.
ಹೊಟ್ಟಿನ ಹೊಗೆ ಮಾಳಿಗೆಗೆ ಬಂತು.
ಭಟ್ಟಿಯ ಬಿಸಿಯ ಆಚೆಗೆ ದರ್ಗಾದ ಹಸಿರು ದೀಪ
ನೀರಿಗೆ ಬಿದ್ದ ಕಾಸಿನಂತೆ ಹೊಯ್ದಾಡಿತು.
ಅದರ ಪಕ್ಕದ ಮೆಡಿಕಲ್ ಶಾಪಿನ ದೊಡ್ಡ ಬೋರ್ಡು ಮಾತ್ರ
ಅಲುಗಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ,
ಸಣ್ಣದಕ್ಕೇ ಈ ಕಾಟ.

ಕೆಳಗೆ ಸಾವ್ಕಾರನ ದನಿ:
"ಒಂದಿನ ಹತ್ತು ಚೀಲ, ಒಂದಿನ ಏಳು.
ವಯಸ್ಸಾತು ಜೈತುನ್‌ಬೀ, ಕೈ ನಿಲ್ತಿಲ್ಲ ನಿಂದು."
ಆಕೆ ಕಾದ ಮರಳು ಕೆದಕುತ್ತ, ತಲೆ ಎತ್ತದೆ,
"ಭತ್ತ ಹಸಿ ಇತ್ತಣ್ಣ. ಕೈ ಅಲ್ಲ."

ನಾನು ಮಾಳಿಗೆಯ ಮೇಲೆ
ಹೊಗೆಗೆ ಎದುರಾಗಿ ನಡೆದೆ: ದೀಪ ಪಟಪಟ ಮಿನುಗಿತು.
ಹೊಗೆಯ ಜೊತೆ ನಡೆದೆ: ನಿಧಾನ, ತೂಕಡಿಸಿದಂತೆ.
ಭೂಮಿಯೂ ಹೀಗೇ ಅಲ್ಲವೆ,
ಆರು ತಿಂಗಳು ಎದುರು, ಆರು ತಿಂಗಳು ಜೊತೆ.
ಓಡಿ ಬಂದು ಹಳೆಯ ಫೈಲು ತೆಗೆದೆ.
ಕಾರ್ತೀಕದ ಗೆರೆ ಮೊಂಡು,
ವೈಶಾಖದ್ದು ಹಲ್ಲುಹಲ್ಲಾದ ಗರಗಸ.

ಸರಿ. ತಪ್ಪು ಅದರದಲ್ಲ.
ನಮ್ಮ ಮನೆ ಬಾಗಿಲಲ್ಲೇ, ನಮ್ಮದೇ ಆಕಾಶಗಂಗೆಯಲ್ಲಿ
ತೇಲುವ ಯಾವುದೋ ತೆಳು ಅನಿಲದ್ದು.
ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ.
ಯಾರನ್ನೋ ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ಖುಷಿ.

ಆಮೇಲೆ, ಸುಮ್ಮನೆ, ಮೂರು ವರ್ಷದ ಸರಾಸರಿ ತೆಗೆದೆ.
ಏರಿಳಿತವೆಲ್ಲ ಒಂದನ್ನೊಂದು ನುಂಗಿದ ಮೇಲೂ
ಗೆರೆ ಬಲಕ್ಕೆ ಬಂದಂತೆ ಸಣ್ಣಗೆ ಇಳಿಜಾರು.
ಅದು ಗಾಳಿಯದಲ್ಲ.
ಅದು ಅಲ್ಲಿನದು.

ಬೆಳಕು ಹರಿಯುವಾಗ ಜೈತುನ್‌ಬಿ
ಗೋಡೆಯ ಮೇಲಿಂದ ಒಂದು ಸೇರು ಬಿಸಿ ಮಂಡಕ್ಕಿ ಚಾಚಿದಳು.
ಮರಕ್ಕೆ ಸೆರಗೊಡ್ಡಿದಂತೆ ನಾನು ದುಪಟ್ಟಾ ಒಡ್ಡಿದೆ.
ಒಂದು ಹಿಡಿ ಆಚೆ ಚೆಲ್ಲಿತು.
ಆಕೆ ನನ್ನ ಮುಖ ನೋಡಿದಳು.

ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ.
"ಇವತ್ತು ಗಾಳಿ ಜಾಸ್ತಿ ಐತಿ" ಅಂದೆ.