ಒಂದು ಟೀ ಕಡಿಮೆ

ಕೊಳವೆಬಾವಿ ಇನ್ನೂರಡಿಗೆ ಮುಗಿಯಬೇಕಿತ್ತು,
ನಾನೂರ ಅರವತ್ತಕ್ಕೆ ಹೋಯಿತು.
ಅಡುಗೆಕಟ್ಟೆಯ ದುಡ್ಡಷ್ಟೂ ಆ ತೂತಿನೊಳಗಿದೆ
ಎನ್ನುತ್ತಾಳೆ ಓಡೆಟ್ ಗೊಡ್ರೊ,
ಮನೆಗೆ ಬಂದವರಿಗೆ ನೀರು ಕೊಡುವಾಗಲೆಲ್ಲ
ಲೋಟ ಬೆಳಕಿಗೆ ಹಿಡಿದು:
ಕುಡಿಯಿರಿ, ಇದು ಇಟಲಿಯ ಅಮೃತಶಿಲೆ.

ವರ್ಮಾಂಟಿನ ಆ ಚಳಿಗಾಲ ಪೂರ್ತಿ
ಎರಡು ಕವಲುಗಾಲುಗಳ ಮೇಲೊಂದು ಪ್ಲೈವುಡ್ ಹಲಗೆ.
ಅದೇ ಕಟ್ಟೆ. ಅದರ ಮೇಲೇ ಈರುಳ್ಳಿ, ಬಿಲ್ಲುಗಳು, ಮೊಳೆಡಬ್ಬ,
ಮರ್ಲ್‌ನ ಒದ್ದೆ ಕೈಗವಸು.
ಸಿಂಕಿನ ಪಕ್ಕ ನೀರು ಕುಡಿದು ಕುಡಿದು
ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗೆ
ಪದರ ಬಿಟ್ಟಿತು.

ಗೋಡೆಗಿನ್ನೂ ಬಣ್ಣವಿರಲಿಲ್ಲ. ಅದರ ಮೇಲೆಯೇ
ಬಡಗಿಯ ಪೆನ್ಸಿಲಿನಲ್ಲಿ ಲೆಕ್ಕ:
ಗ್ರಾನೈಟು, ಚದರಡಿಗೆ ಎಂಬತ್ತು. ಗೀಟು.
ಕ್ವಾರ್ಟ್ಜ್. ಇನ್ನೂ ದಪ್ಪ ಗೀಟು.
ಮೇಪಲ್ ಮರಕ್ಕೆ ತಿಂಗಳಿಗೊಮ್ಮೆ ಎಣ್ಣೆ ತಿಕ್ಕಬೇಕಂತೆ.
ನನ್ನ ಮೊಣಕಾಲಿಗೇ ತಿಕ್ಕಿಕೊಂಡಿಲ್ಲ, ಅಂದಳು.
ಕಾಂಕ್ರೀಟು ನಾನೇ ಹೊಯ್ಯುತ್ತೇನೆ, ಅಂದ ಮರ್ಲ್.
ಅವನು ಹೊಯ್ದಿದ್ದ ಮೆಟ್ಟಿಲ ಕಡೆ ಅವಳು ನೋಡಿದಳು.
ಅವನೂ ನೋಡಿದ.
ಅದಕ್ಕೂ ಗೀಟು.

ಉಳಿದದ್ದು ಲ್ಯಾಮಿನೇಟು.
ಇಸ್ಪೀಟಿನೆಲೆಯಷ್ಟು ಅಗಲದ ಮಾದರಿಗಳು,
ಸರಪಳಿಗೆ ಪೋಣಿಸಿ ಅಂಗಡಿಯವನು ಕೊಟ್ಟ.
ಕಲ್ಲಿನ ಚಿತ್ರ, ಮರದ ಚಿತ್ರ,
ಒದ್ದೆ ಮರಳಿನ ಚಿತ್ರ.
ಕೊನೆಗವಳು ಎಳೆದದ್ದು ಬರೀ ಬಿಳಿಯ ಎಲೆ:
ಇದಾದರೂ ಏನನ್ನೂ ನಟಿಸುತ್ತಿಲ್ಲ.

ಆದರೆ ಒಲೆಯ ಪಕ್ಕ?
ಕುದಿಯುವ ಪಾತ್ರೆ ಇಳಿಸಲು, ಹಿಟ್ಟು ನಾದಲು,
ಸುಟ್ಟರೆ ಬೊಬ್ಬೆ ಏಳದಂಥ
ಮೂರಡಿ ಕಲ್ಲು ಬೇಕಿತ್ತು.
ಗೋಡೆಯ ಮೇಲೆ ಉಳಿದಿದ್ದದ್ದು
ನೂರ ಹತ್ತು ಡಾಲರು.

ಆಲ್ಡೊ ಬರ್ನಾಸ್ಕೋನಿ ಸಮಾಧಿಕಲ್ಲು ಕೆತ್ತುವವ.
ಅವನಜ್ಜನೂ ಅದೇ, ಕಲ್ಲುಧೂಳು ಉಸಿರಾಡಿ ಸತ್ತವ.
ಅಂಗಳದ ಮೂಲೆಯಲ್ಲಿ ಬೂದು ಚಪ್ಪಡಿಯೊಂದು
ಮುಖ ಮೇಲೆ ಮಾಡಿ ಮಲಗಿತ್ತು.
ತೋಳಿನಿಂದ ಹಿಮ ಒರೆಸಿದ.
ಲವಿನಿಯಾ ವಾಯಟ್. ಎರಡು ಇಸವಿ. ಜರೀಗಿಡದ ಒಂದು ಎಲೆ.

ವಾಯಟ್ ಅಂದರೆ ಕೊನೆಗೆ ಎರಡು ಟೀ ಅಂತೆ,
ನಾನು ಒಂದೇ ಕೊರೆದೆ.
ನಲವತ್ತು ವರ್ಷದಲ್ಲಿ ಒಂದು ಸಲ, ಅಂದ.
ಮಗಳು ಬಂದು ನೋಡಿದಳು. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ನೂರು ಕೊಡಿ, ಕಟ್ಟೆಯ ದಪ್ಪಕ್ಕೆ ಸೀಳಿಕೊಡುತ್ತೇನೆ.
ಅಕ್ಷರ ಹೋಗಬೇಕೆಂದರೆ ಮಾತ್ರ
ಗರಗಸ ಇನ್ನೊಮ್ಮೆ ಓಡಬೇಕು,
ಅದಕ್ಕೆ ಇನ್ನೊಂದು ಅರವತ್ತು.

ಓಡೆಟ್ ಗಂಡನ ಮುಖ ನೋಡಲಿಲ್ಲ.
ಇರಲಿ ಬಿಡಿ, ಅಂದಳು.
ಕವುಚಿ ಕೂರಿಸಿದರಾಯಿತು.

ಹಾಗೆ ಬಂತು. ಬಿಳಿ ಲ್ಯಾಮಿನೇಟಿನ ನಡುವೆ
ಅರ್ಧ ಬೆರಳು ಎತ್ತರ ನಿಂತ ಬೂದು ಕಲ್ಲು.
ಒರೆಸುವ ಬಟ್ಟೆ ಪ್ರತಿಸಲವೂ ಅಲ್ಲಿ ಎಡವುತ್ತದೆ.

ಏಪ್ರಿಲಿನಲ್ಲಿ ಗ್ಯಾಸಿನ ಕೊಳವೆ ಜೋಡಿಸಲು ಬಂದ ಹುಡುಗ
ಕಟ್ಟೆಯಡಿ ಅಂಗಾತ ಮಲಗಿ ಟಾರ್ಚು ಹಾಕಿದವನು
ಸ್ಪ್ಯಾನರು ಕೈಬಿಟ್ಟ.
ಮೇಡಂ, ಇಲ್ಲಿ ಯಾರೋ ಇದ್ದಾರೆ.
ಗೊತ್ತು, ಅಂದಳು ಓಡೆಟ್, ಮೊಟ್ಟೆ ಕದಡುತ್ತ.
ಬಾಡಿಗೆಯಿಲ್ಲ. ತಂಟೆಯೂ ಇಲ್ಲ.

ಹಿಟ್ಟಿನ ಡಬ್ಬ ಇರುವುದೂ ಅದರ ಕೆಳಗೇ.
ಬಗ್ಗಿ ತೆಗೆಯುವಾಗ ಬೆರಳು ತಾನಾಗಿ ಹೋಗಿ
ಕುರುಡರ ಹಾಗೆ ಓದುತ್ತದೆ:
ತಗ್ಗು, ತಗ್ಗು, ಜರೀಗಿಡದ ನರ,
ಆ ಒಂಟಿ ಟೀ,
ಆಮೇಲೆ ಬರೀ ನುಣುಪು.

ಗೋಡೆಗೆ ಈಗ ಬಣ್ಣ ಬಳಿದಾಗಿದೆ,
ಲೆಕ್ಕವೆಲ್ಲ ಅದರೊಳಗಿದೆ.
ಮಿಕ್ಕ ಹತ್ತು ಡಾಲರಿಗೆ ಒಂದು ಹಳೆಯ ಕೆಟಲ್ ಬಂತು.
ಬೆಳಗ್ಗೆ, ಮರ್ಲ್ ಏಳುವ ಮುಂಚೆ,
ನೀರು ಕಾಯಿಸಿ,
ಕಲ್ಲಿನ ಮೇಲೆ, ಹೆಸರು ಮುಗಿಯಬೇಕಿದ್ದ ಜಾಗದಲ್ಲಿ
ಒಂದು ಟೀ ಇಡುತ್ತಾಳೆ.

ತಣ್ಣಗಾಗುವ ಮೊದಲು
ತಾನೇ ಕುಡಿಯುತ್ತಾಳೆ.